ಕಾರ್ಡಿನ ಮೇಲೆ ಸ್ಟೆಂಟ್, ವಾಲ್ವ್ ಆಗುತ್ತದೆ. ಊರಿಗೆ ಬಂದ ಮೇಲೆ ಎಲ್ಲಿ ಎಡವುತ್ತದೆ?

ಗುಳೆದಾರಿ:

ಎಲ್ಲರಿಗೂ ನಮಸ್ಕಾರ. ರಾಯಚೂರು, ಕೊಪ್ಪಳ ಕಡೆಯ ಆಶಾ ಕಾರ್ಯಕರ್ತೆಯರ ತರಬೇತಿಗೆ ಎರಡು ಪುಟದ ಕರಪತ್ರ ಬರೆಯಬೇಕಿದೆ. ಬಿಪಿಎಲ್ ಕಾರ್ಡಿನ ಮೇಲೆ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡು, ಹೃದಯದ ವಾಲ್ವ್ ಬದಲಿಸಿಕೊಂಡು, ಬೈಪಾಸ್ ಮಾಡಿಸಿಕೊಂಡು ಊರಿಗೆ ಮರಳಿದವರನ್ನು ಮೊದಲ ಒಂದು ವರ್ಷ ಹೇಗೆ ನೋಡಿಕೊಳ್ಳಬೇಕು ಎಂಬುದು ವಿಷಯ.

ಮೂರು ಸಂಗತಿ ಖಚಿತವಾಗಬೇಕು. ಕ್ಯಾಥ್ ಲ್ಯಾಬಿನೊಳಗೆ ಸಾಹುಕಾರನಿಗೂ ಕೂಲಿಯವನಿಗೂ ಹಾಕುವುದು ಅದೇ ಸ್ಟೆಂಟ್. ಆದರೂ ಬಡವರಲ್ಲಿ ಸಾವು ಹೆಚ್ಚು ಅನ್ನುತ್ತಾರೆ. ಇದಕ್ಕೆ ನಮ್ಮ ದೇಶದ ಲೆಕ್ಕ ಇದೆಯೇ? ಎರಡನೆಯದು, ತಿಂಗಳ ಮಾತ್ರೆಗೆ ದುಡ್ಡು ಸಾಲದಾದಾಗ ಮನೆಯವರು ತಮಗೆ ತೋಚಿದ್ದನ್ನು ಬಿಡುತ್ತಾರೆ. ಯಾವುದನ್ನು ಬಿಟ್ಟರೆ ಜೀವಕ್ಕೇ ಕುತ್ತು ಎಂದು ನೇರವಾಗಿ ಬರೆಯಬಹುದೇ? ಮೂರನೆಯದು, ವಾಲ್ವ್ ಹಾಕಿಸಿಕೊಂಡ ಹೆಣ್ಣುಮಕ್ಕಳು. ಇವರಿಗೆ ಎಲ್ಲರೂ ಹೇಳುವುದು "ಸೊಪ್ಪು ತಿನ್ನಬೇಡ" ಅಂತ ಒಂದೇ ಮಾತು. ಅಷ್ಟು ಸಾಕೇ?

ವಾರ್ಡ್_ರೌಂಡ್ಸ್:

ಲೆಕ್ಕ ಇದೆ, ಅದೂ ಬೆಂಗಳೂರಿನಿಂದಲೇ ಬಂದದ್ದು. ಸೇಂಟ್ ಜಾನ್ಸ್‌ನ ವೈದ್ಯರು ಮುಂದೆ ನಿಂತು ನಡೆಸಿದ ಕ್ರಿಯೇಟ್ ಅಧ್ಯಯನ 2008ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ದೇಶದ 89 ಆಸ್ಪತ್ರೆಗಳಿಗೆ ಹಾರ್ಟ್ ಅಟ್ಯಾಕ್ ಮತ್ತು ಅದರ ಅಂಚಿನ ಎದೆನೋವಿನಿಂದ ಬಂದ 20,468 ಜನರನ್ನು ಅದರಲ್ಲಿ ಗಮನಿಸಿದ್ದರು. 30 ದಿನದೊಳಗೆ ಬಡವರಲ್ಲಿ ಶೇ. 8.2, ಶ್ರೀಮಂತರಲ್ಲಿ ಶೇ. 5.5 ಮಂದಿ ತೀರಿಕೊಂಡರು. ನಿಮ್ಮ ಕರಪತ್ರಕ್ಕೆ ಬೇಕಾದ ಸಾಲು ಇದರ ಮುಂದಿನದು. ಯಾರಿಗೆ ಯಾವ ಚಿಕಿತ್ಸೆ ಸಿಕ್ಕಿತು ಎಂಬುದನ್ನು ಲೆಕ್ಕಕ್ಕೆ ಹಿಡಿದಾಗ ಆ ಅಂತರ ಇಲ್ಲವಾಯಿತು. ರೋಗಿಯ ಮೊದಲಿನ ಆರೋಗ್ಯ ಸ್ಥಿತಿಯನ್ನು ಲೆಕ್ಕಕ್ಕೆ ಹಿಡಿದಾಗ ಅಂತರ ಹಾಗೇ ಉಳಿಯಿತು. ಆಂಜಿಯೋಪ್ಲಾಸ್ಟಿ, ಅಂದರೆ ಮುಚ್ಚಿದ ನಾಳವನ್ನು ಬಲೂನು, ಸ್ಟೆಂಟ್‌ನಿಂದ ತೆರೆಯುವ ಚಿಕಿತ್ಸೆ ಸಿಕ್ಕಿದ್ದು ಬಡವರಲ್ಲಿ ಶೇ. 2 ಮಂದಿಗೆ, ಶ್ರೀಮಂತರಲ್ಲಿ ಶೇ. 15.3 ಮಂದಿಗೆ. ಕೊಲೆಸ್ಟ್ರಾಲ್ ಮಾತ್ರೆ ಸಿಕ್ಕಿದ್ದು ಶೇ. 36 ಮಂದಿಗೆ, ಅತ್ತ ಶೇ. 61. ಬಡವರ ಮೈಯಲ್ಲಿ ಏನೋ ಕೊರತೆ ಇದೆ ಅನ್ನುವ ಮಾತನ್ನು ದಯವಿಟ್ಟು ಎಲ್ಲೂ ಬರೆಯಬೇಡಿ. ಕೊರತೆ ಇದ್ದದ್ದು ಕೊಟ್ಟ ಚಿಕಿತ್ಸೆಯಲ್ಲಿ.

ಇದಕ್ಕೆ ಇನ್ನೊಂದು ಮಗ್ಗುಲಿನ ಸಾಕ್ಷಿಯೂ ನಮ್ಮ ರಾಜ್ಯದ್ದೇ. 2010ರಲ್ಲಿ ಬಡವರಿಗೆ ದೊಡ್ಡ ಕಾಯಿಲೆಗಳ ಉಚಿತ ಚಿಕಿತ್ಸೆಯ ವಾಜಪೇಯಿ ಆರೋಗ್ಯಶ್ರೀ ಯೋಜನೆ ಮೊದಲು ಉತ್ತರ ಕರ್ನಾಟಕದ ಕಡೆ ಶುರುವಾದಾಗ, ಯೋಜನೆ ಇದ್ದ ಜಿಲ್ಲೆಗಳ ಗಡಿಯ ಆಚೀಚೆ ಹಳ್ಳಿಗಳ ಬಡ ಕುಟುಂಬಗಳನ್ನು ಹೋಲಿಸಿ ನೋಡಿದರು. ಯೋಜನೆ ಒಳಗೊಂಡ ಕಾಯಿಲೆಗಳಿಂದ ಆದ ಸಾವು ಯೋಜನೆ ಇದ್ದ ಕಡೆ ಶೇ. 0.32, ಇಲ್ಲದ ಕಡೆ ಶೇ. 0.90. 2014ರಲ್ಲಿ ಬಿಎಂಜೆ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಇದು ಬಂತು. ಕಾರ್ಡು ಜೀವ ಉಳಿಸುತ್ತದೆ, ಇದರಲ್ಲಿ ಎರಡು ಮಾತಿಲ್ಲ. ಆದರೆ ಕಾರ್ಡಿನ ಕೈ ಚಾಚುವುದು ಆಸ್ಪತ್ರೆಯ ಬಾಗಿಲ ತನಕ, ಅದರಾಚೆ ಒಂದಿಷ್ಟು ದಿನ. ನೀವು ಕೇಳುತ್ತಿರುವುದು ಆಮೇಲಿನ ಕತೆ.

ಮೊದಲ ಪೆಟ್ಟು ಬೀಳುವುದು ಊರಿಂದ ಹೊರಡುವ ಮುಂಚೆಯೇ. ಕ್ರಿಯೇಟ್‌ನಲ್ಲಿ ಎದೆನೋವು ಶುರುವಾದದ್ದಕ್ಕೂ ಆಸ್ಪತ್ರೆ ಮುಟ್ಟಿದ್ದಕ್ಕೂ ನಡುವಿನ ಮಧ್ಯಮ ಅವಧಿ 360 ನಿಮಿಷ, ಅಂದರೆ ಆರು ಗಂಟೆ. ಗ್ಯಾಸ್ ಎಂದು ಸೋಡಾ ಕುಡಿದು, ಊರ ಡಾಕ್ಟರ ಹತ್ತಿರ ಇಂಜೆಕ್ಷನ್ ತೆಗೆದುಕೊಂಡು, ಗಾಡಿಗೆ ದುಡ್ಡು ಹೊಂದಿಸಿಕೊಂಡು ಹೊರಡುವಷ್ಟರಲ್ಲಿ ಹೃದಯದ ಸ್ನಾಯು ಸತ್ತಿರುತ್ತದೆ. ಮುಚ್ಚಿದ ನಾಳವನ್ನು ಸ್ಟೆಂಟ್ ತೆರೆಯಬಲ್ಲದು, ಸತ್ತ ಸ್ನಾಯುವಿಗೆ ಅದರಿಂದ ಉಪಯೋಗವಿಲ್ಲ. ಈಗ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಗೆ ಕಳಿಸಿ ತೋರಿಸುವ, ಹೆಪ್ಪು ಕರಗಿಸುವ ಟೆನೆಕ್ಟಿಪ್ಲೇಸ್ ಇಂಜೆಕ್ಷನ್ ಪುಕ್ಕಟೆ ಕೊಡುವ ಏರ್ಪಾಡು ಇದೆ. ಕರಪತ್ರದ ಮೊದಲ ಸಾಲು ಇದೇ ಆಗಲಿ: ಎದೆನೋವಿಗೆ ಮೊದಲು ಇಸಿಜಿ, ಆಮೇಲೆ ಸೋಡಾ.

ಡಿಸ್ಚಾರ್ಜ್ ಸಮ್ಮರಿಯಲ್ಲಿ ಎಲ್‌ವಿಇಎಫ್ ಎಂದು ಒಂದು ಸಂಖ್ಯೆ ಇರುತ್ತದೆ, ಹೃದಯ ಪ್ರತಿ ಬಡಿತಕ್ಕೆ ಶೇಕಡಾ ಎಷ್ಟು ರಕ್ತ ಹೊರದೂಡುತ್ತದೆ ಎಂಬ ಲೆಕ್ಕ ಅದು. ಆಶಾ ಅದನ್ನು ಹುಡುಕಿ ಓದಲು ಕಲಿಯಬೇಕು. 40ಕ್ಕಿಂತ ಕಡಿಮೆ ಇದ್ದರೆ ಆ ಮನೆಗೆ ಮೊದಲ ತಿಂಗಳು ವಾರಕ್ಕೊಮ್ಮೆ ಹೋಗಬೇಕು. ಮೂರು ದಿನದಲ್ಲಿ 2 ಕಿಲೋ ತೂಕ ಏರಿದರೆ, ಪಾದ ಒತ್ತಿದಾಗ ಗುಳಿ ಬಿದ್ದರೆ, ಮಲಗಿದರೆ ಉಸಿರು ಕಟ್ಟಿ ಎದ್ದು ಕೂರುವಂತಾದರೆ ಮೈಯಲ್ಲಿ ನೀರು ತುಂಬುತ್ತಿದೆ ಎಂದರ್ಥ, ಅದೇ ದಿನ ಡಾಕ್ಟರಿಗೆ ತೋರಿಸಬೇಕು. ತೂಕದ ಯಂತ್ರ ಮನೆಯಲ್ಲಿ ಇರುವುದಿಲ್ಲ. ಉಪಕೇಂದ್ರದಲ್ಲಿ ಇರುತ್ತದೆ, ಯಾವಾಗಲೂ ಅದೇ ಯಂತ್ರದಲ್ಲಿ ನೋಡಿ. ಜೋಳದ ರೊಟ್ಟಿಗೆ ನಂಚಿಕೊಳ್ಳಲು ಪಲ್ಯ ಇಲ್ಲದ ದಿನ ಉಪ್ಪಿನಕಾಯಿ, ಖಾರದ ಚಟ್ನಿಯೇ ಗತಿ. ಈ ಕಾಯಿಲೆಗೆ ಅದರ ಉಪ್ಪು ವಿಷ. ಬದಲಿಗೆ ಏನು ಅಂತ ಹೇಳದೆ "ಉಪ್ಪು ಬಿಡಿ" ಅಂದರೆ ಯಾರೂ ಬಿಡುವುದಿಲ್ಲ. ಉಪ್ಪಿಲ್ಲದೆ ಪುಡಿ ಮಾಡಿದ ಶೇಂಗಾ ಚಟ್ನಿಗೆ ನಿಂಬೆ ಹಿಂಡಿಕೊಂಡರೆ ಊಟ ಇಳಿಯುತ್ತದೆ.

ಮಾತ್ರೆಚೀಟಿ:

ಎರಡನೆಯ ಪ್ರಶ್ನೆಗೆ ಮೆಡಿಕಲ್ ಶಾಪಿನ ಕಡೆಯಿಂದ ಉತ್ತರ.

ಸ್ಟೆಂಟ್ ಆದವರ ಚೀಟಿಯಲ್ಲಿ ಎರಡು ಮಾತ್ರೆಗೆ ಕೆಂಪು ಗೆರೆ ಎಳೆಯಿರಿ. ಒಂದು ಆಸ್ಪಿರಿನ್ 75 ಮಿಗ್ರಾಂ. ಇನ್ನೊಂದು ಕ್ಲೋಪಿಡೋಗ್ರೆಲ್ 75 ಮಿಗ್ರಾಂ ದಿನಕ್ಕೊಮ್ಮೆ, ಅಥವಾ ಅದರ ಬದಲು ಟಿಕಾಗ್ರೆಲಾರ್ 90 ಮಿಗ್ರಾಂ ದಿನಕ್ಕೆ ಎರಡು ಬಾರಿ. ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿದ್ದರೆ ಸಾಮಾನ್ಯವಾಗಿ ಈ ಜೋಡಿ 12 ತಿಂಗಳು ನಡೆಯಬೇಕು. ಸ್ಟೆಂಟಿನ ಲೋಹದ ಎಳೆಗಳ ಮೇಲೆ ರಕ್ತನಾಳದ ಒಳಪದರ ಬೆಳೆದು ಮುಚ್ಚುವ ತನಕ ರಕ್ತ ಆ ಲೋಹವನ್ನು ತಾಗುತ್ತಲೇ ಇರುತ್ತದೆ. ಮಾತ್ರೆ ನಿಂತರೆ ಅಲ್ಲಿ ಹೆಪ್ಪುಗಟ್ಟಿ ಸ್ಟೆಂಟೇ ಮುಚ್ಚಿಕೊಳ್ಳುತ್ತದೆ. ಎಲ್ಲಕ್ಕಿಂತ ಅಪಾಯ ಮೊದಲ 30 ದಿನ.

ಬಿಡುವುದಕ್ಕೆ ದುಡ್ಡೊಂದೇ ಕಾರಣವಲ್ಲ. ಬೆಳಿಗ್ಗೆ ಬರಿ ಚಹಾ ಕುಡಿದು ಕೆಲಸಕ್ಕೆ ಹೋಗುವವರು ಖಾಲಿ ಹೊಟ್ಟೆಯಲ್ಲಿ ಆಸ್ಪಿರಿನ್ ನುಂಗಿದರೆ ಹೊಟ್ಟೆ ಉರಿಯುತ್ತದೆ. ಉರಿ ತಂದ ಮಾತ್ರೆಯನ್ನು ತಾವೇ ಬಿಡುತ್ತಾರೆ. ದಿನದಲ್ಲಿ ಹೊಟ್ಟೆ ತುಂಬಾ ಉಣ್ಣುವ ಹೊತ್ತು ಯಾವುದೋ, ಹೆಚ್ಚಿನವರಿಗೆ ಅದು ರಾತ್ರಿ, ಆಸ್ಪಿರಿನ್ ಆ ಹೊತ್ತಿಗೆ ಇಡಿ. ಗ್ಯಾಸ್ ಮಾತ್ರೆ ಬೇಕಾದರೆ ಕ್ಲೋಪಿಡೋಗ್ರೆಲ್ ಜೊತೆ ಪ್ಯಾಂಟೊಪ್ರಜೋಲ್ ಸರಿ. ಓಮಿಪ್ರಜೋಲ್ ಅದರ ಶಕ್ತಿ ಕುಗ್ಗಿಸುತ್ತದೆ. ಇನ್ನು ಕಣ್ಣಿನ ಪೊರೆ ಶಿಬಿರ. ಶಿಬಿರಕ್ಕೆ ಹೆಸರು ಬರೆಸುವಾಗ ಯಾರೋ "ರಕ್ತ ತೆಳು ಮಾಡೋ ಮಾತ್ರೆ ನಿಲ್ಸಿ ಬನ್ನಿ" ಅಂದುಬಿಡುತ್ತಾರೆ. ಪೊರೆಯ ಆಪರೇಷನ್‌ಗೆ ಸಾಮಾನ್ಯವಾಗಿ ಇವನ್ನು ನಿಲ್ಲಿಸುವ ಅಗತ್ಯವಿಲ್ಲ. ಸ್ಟೆಂಟ್ ಹಾಕಿದ ಡಾಕ್ಟರನ್ನು ಕೇಳದೆ ಯಾರು ಹೇಳಿದರೂ ನಿಲ್ಲಿಸಬಾರದು. ಈ ಒಂದು ವಾಕ್ಯವನ್ನು ಕರಪತ್ರದಲ್ಲಿ ದಪ್ಪ ಅಕ್ಷರದಲ್ಲಿ ಹಾಕಿ.

ಟಿಕಾಗ್ರೆಲಾರ್ ದುಬಾರಿ ಬೀಳುತ್ತದೆ, ದಿನಕ್ಕೆ ಎರಡು ಬೇರೆ. ಸಾಲದಿದ್ದರೆ ಒಂದೇ ಹೊತ್ತು ನುಂಗುವುದು ಸಾಮಾನ್ಯ ತಪ್ಪು. ಅದರ ಪರಿಣಾಮ ಒಂದು ಹೊತ್ತಿಗಷ್ಟೇ, ಉಳಿದ ಹೊತ್ತು ರಕ್ಷಣೆ ಅರೆಬರೆ. ಕೊಳ್ಳಲು ಆಗುವುದಿಲ್ಲ ಎಂದು ಡಿಸ್ಚಾರ್ಜ್ ದಿನವೇ ಬಾಯಿಬಿಟ್ಟು ಹೇಳಿದರೆ ಡಾಕ್ಟರು ಕ್ಲೋಪಿಡೋಗ್ರೆಲ್‌ಗೆ ಬದಲಿಸಬಹುದು. ಬದಲಿಸುವ ದಿನ ದೊಡ್ಡ ಡೋಸ್ ಬೇಕಾಗಬಹುದು, ಹಾಗಾಗಿ ಅದನ್ನು ಅವರೇ ಮಾಡಬೇಕು. ಹೇಳಿಕೊಳ್ಳಲು ಜನ ನಾಚುತ್ತಾರೆ. ಪಕ್ಕದಲ್ಲಿ ನಿಂತು ಯಾರಾದರೂ ಹೇಳಿಸಬೇಕು.

ಕೆಂಪು ಗೆರೆಯ ಎರಡರ ನಂತರ ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್, ಅಂದರೆ ಅಟೋರ್ವಾಸ್ಟಾಟಿನ್ 40 ಅಥವಾ 80. ಆಮೇಲೆ ಬಿಪಿ, ಸಕ್ಕರೆ ಮಾತ್ರೆ. ಇವು ಯಾವುವೂ ಬಿಡುವಂಥವಲ್ಲ. ಆದರೆ ಚೀಟಿಯ ಕೆಳಗೆ ಮಲ್ಟಿವಿಟಮಿನ್, ಶಕ್ತಿಯ ಟಾನಿಕ್, ಪ್ರೋಟೀನ್ ಪುಡಿ ಇರುತ್ತವೆ. ಕೆಲವು ಚೀಟಿಗಳಲ್ಲಿ ದುಡ್ಡಿನ ದೊಡ್ಡ ಪಾಲು ಇವಕ್ಕೇ ಹೋಗುತ್ತದೆ. "ಇವು ಬೇಕೇ ಬೇಕಾ ಸರ್?" ಎಂದು ಕೇಳಿ ಬಿಡಿಸಿಕೊಳ್ಳಲು ಅಂಜಬೇಡಿ. ಪುಡಿಯ ಡಬ್ಬ ಕೊಂಡು ಕ್ಲೋಪಿಡೋಗ್ರೆಲ್ ಬಿಟ್ಟ ಮನೆ ಇರಬಾರದು. ಜನೌಷಧಿ ಕೇಂದ್ರದಲ್ಲಿ ಈ ಮುಖ್ಯ ಮಾತ್ರೆಗಳು ಬ್ರ್ಯಾಂಡ್ ಬೆಲೆಯ ಅರ್ಧಕ್ಕೋ ಅದಕ್ಕಿಂತ ಕಡಿಮೆಗೋ ಸಿಗುತ್ತವೆ. ಹೆಸರು ಬೇರೆ ಇರುವುದರಿಂದ ಮನೆಯಲ್ಲಿ ಉಳಿದ ಹಳೇ ಬ್ರ್ಯಾಂಡನ್ನೂ ಇದನ್ನೂ ಒಟ್ಟಿಗೆ ನುಂಗದಂತೆ ಎಚ್ಚರ.

ಕೊನೆಗೆ, ಸಣ್ಣದಾಗಿ ಕಂಡರೂ ಸಣ್ಣದಲ್ಲದ ಒಂದು ಸಂಗತಿ. ಕೈಯಲ್ಲಿ 50 ರೂಪಾಯಿ ಇದ್ದವರು ನಾಲ್ಕು ಮಾತ್ರೆ ಕೇಳುತ್ತಾರೆ. ಅಂಗಡಿಯವರು ಕತ್ತರಿಯಿಂದ ಸ್ಟ್ರಿಪ್ ಕತ್ತರಿಸಿ ಕೊಡುತ್ತಾರೆ. ಹೆಸರು, ಮಿಗ್ರಾಂ, ಎಕ್ಸ್‌ಪೈರಿ ಉಳಿದ ತುಂಡಿನಲ್ಲಿ ಅಂಗಡಿಯಲ್ಲೇ ಉಳಿಯುತ್ತವೆ. ಮನೆಗೆ ಹೋದದ್ದು ಹೆಸರಿಲ್ಲದ ಬೆಳ್ಳಿಹಾಳೆಯ ಚೂರು. ಮುಂದಿನ ವಾರ ಅದನ್ನು ತೋರಿಸಿ "ಇದೇ ಕೊಡ್ರಿ" ಅಂದರೆ ಕೊಡುವವರಿಗೆ ಗುರುತು ಸಿಗದು. ಕತ್ತರಿಸಲೇಬೇಕಾದರೆ ಕವರಿನ ಮೇಲೆ ಹೆಸರು, ಮಿಗ್ರಾಂ ಬರೆಸಿಕೊಳ್ಳಿ. ಕೆಳಗೆ ವಾಲ್ವ್ ಮಾತ್ರೆಯ ಬಗ್ಗೆ ಯಾರಾದರೂ ಬರೆದರೆ ಇದು ಎಷ್ಟು ಮುಖ್ಯ ಎಂದು ಗೊತ್ತಾಗುತ್ತದೆ.

ನೀಲಿ_ಮುಚ್ಚಳ:

ಬರೆಯುತ್ತೇನೆ. ವಾಲ್ವ್ ಮೇಲೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಅಸಿಟ್ರಾಮ್ 1, 2, 3, 4 ಮಿಗ್ರಾಂ ಎಂದು ಬೇರೆ ಬೇರೆ ಬರುತ್ತದೆ. ಕತ್ತರಿಸಿದ ಚೂರಿನಲ್ಲಿ 2ರ ಬದಲು 4 ಬಂದರೆ ಮೂಗು, ಒಸಡಿನಲ್ಲಿ ರಕ್ತ, ಮೆದುಳಿನಲ್ಲಾದರೆ ಪ್ರಾಣವೇ. 4ರ ಬದಲು 2 ಬಂದರೆ ವಾಲ್ವ್ ಮೇಲೆ ಹೆಪ್ಪು. ಇಷ್ಟು ಕಿರಿದಾದ ದಾರಿಯಲ್ಲಿ ನಡೆಯುವ ಔಷಧಗಳು ಹೃದಯದ ಚೀಟಿಯಲ್ಲಿ ಹೆಚ್ಚಿಲ್ಲ.

ನಮ್ಮಲ್ಲಿ ಹರೆಯದಲ್ಲೇ ವಾಲ್ವ್ ಬದಲಿಸಬೇಕಾಗುವುದು ಹೆಚ್ಚಾಗಿ ರುಮ್ಯಾಟಿಕ್ ಕಾಯಿಲೆಯಿಂದ. ಒಂದೇ ಕೋಣೆಯಲ್ಲಿ ಏಳೆಂಟು ಮಂದಿ ಮಲಗುವ ಮನೆಗಳಲ್ಲಿ ಮಕ್ಕಳಿಗೆ ಪದೇ ಪದೇ ಗಂಟಲುನೋವು, ಅದಕ್ಕೆ ಚಿಕಿತ್ಸೆ ಇಲ್ಲ, ಮುಂದೆ ಕೀಲುನೋವಿನ ಜ್ವರ, ಅದರ ಮುಂದೆ ವಾಲ್ವ್. ಕಾಯಿಲೆ ಹುಟ್ಟಿದ್ದೇ ಬಡತನದಲ್ಲಿ. ಲೋಹದ ವಾಲ್ವ್ ಹಾಕಿದ ಮೇಲೆ ಜೀವನಪೂರ್ತಿ ಅಸಿಟ್ರಾಮ್ ಅಥವಾ ವಾರ್ಫರಿನ್. ರಕ್ತ ಎಷ್ಟು ತೆಳು ಎಂದು ಐಎನ್‌ಆರ್ ಪರೀಕ್ಷೆಯಲ್ಲಿ ನೋಡುತ್ತಾರೆ. ಮಹಾಪಧಮನಿ ವಾಲ್ವ್ ಆದರೆ ಸಾಮಾನ್ಯವಾಗಿ 2ರಿಂದ 3, ಮೈಟ್ರಲ್ (ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ವಾಲ್ವ್) ಆದರೆ 2.5ರಿಂದ 3.5. ತನ್ನ ಸಂಖ್ಯೆ ಎಷ್ಟಿರಬೇಕು ಎಂದು ರೋಗಿಗೇ ಗೊತ್ತಿರಬೇಕು.

ಅಸಿಟ್ರಾಮ್ ಪ್ರಭಾವ ಬೇಗ ಇಳಿಯುತ್ತದೆ. ಎರಡು ದಿನ ತಪ್ಪಿದರೂ ಐಎನ್‌ಆರ್ ಕುಸಿಯುತ್ತದೆ. ವಾರ್ಫರಿನ್ ಮೈಯಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಹೊತ್ತು ತಪ್ಪಿದ ಮಾತ್ರೆಯನ್ನು ಅದೇ ದಿನ ನೆನಪಾದಾಗ ನುಂಗಿ. ಮರುದಿನ ನೆನಪಾದರೆ ಎರಡು ನುಂಗಬಾರದು, ಐಎನ್‌ಆರ್ ಬರೆದಿಡುವ ಪುಸ್ತಕದಲ್ಲಿ ಗುರುತು ಹಾಕಿ.

ಸೊಪ್ಪಿನ ಮಾತು. ಅದು ಈ ಮಾತ್ರೆಯ ಪ್ರಭಾವ ಕುಗ್ಗಿಸುತ್ತದೆ, ಹಾಗೆಂದು ಬಿಡಬೇಡಿ. ಪ್ರತಿ ವಾರ ಒಂದೇ ಅಳತೆಯಲ್ಲಿ ತಿನ್ನಿ. ಸೊಪ್ಪು ಪೂರ್ತಿ ಬಿಟ್ಟವರಿಗೆ ಅದಕ್ಕೆ ತಕ್ಕ ಡೋಸ್ ಕೂರಿಸುತ್ತಾರೆ. ಮಳೆಗಾಲದಲ್ಲಿ ಹೊಲದ ಬದುವಿನ ಸೊಪ್ಪು ಪುಕ್ಕಟೆ ಸಿಕ್ಕಾಗ ದಿನಾ ತಿಂದರೆ ಐಎನ್‌ಆರ್ ಇಳಿಯುತ್ತದೆ. ಅಗ್ಗದ ಪೌಷ್ಟಿಕಾಂಶ ಅದೊಂದೇ ಇರುವ ಮನೆಗೆ "ಸೊಪ್ಪು ತಿನ್ನಬೇಡ" ಅನ್ನುವುದು ಅನ್ಯಾಯ ಕೂಡ.

ಸೊಪ್ಪಿಗಿಂತ ದೊಡ್ಡ ಅಪಾಯ ಬೇರೆ ಮಾತ್ರೆಗಳು. ಭೇದಿಗೆ ಕೊಡುವ ಮೆಟ್ರೊನಿಡಜೋಲ್, ಬಿಳಿಸೆರಗಿಗೆ ಕೊಡುವ ಫ್ಲುಕೊನಜೋಲ್, ಕೋಟ್ರೈಮೊಕ್ಸಜೋಲ್ ಐಎನ್‌ಆರ್ ಏರಿಸುತ್ತವೆ. ಟಿಬಿ ಚಿಕಿತ್ಸೆಯ ರಿಫಾಂಪಿಸಿನ್ ಅದನ್ನು ಜೋರಾಗಿ ಇಳಿಸುತ್ತದೆ, ಡೋಸ್ ಎರಡು ಮೂರು ಪಟ್ಟು ಏರಿಸಬೇಕಾಗಬಹುದು. ಟಿಬಿ ಕೋರ್ಸ್ ಮುಗಿದಾಗ ಅದೇ ಏರಿಸಿದ ಡೋಸ್ ಮುಂದುವರಿದರೆ ಆಮೇಲಿನ ವಾರಗಳಲ್ಲಿ ರಕ್ತಸ್ರಾವ. ಟಿಬಿಯೂ ರುಮ್ಯಾಟಿಕ್ ಕಾಯಿಲೆಯೂ ಅವೇ ಓಣಿಗಳಲ್ಲಿ ಇರುವುದರಿಂದ ಇದು ಅಪರೂಪದ ಸಂಗತಿಯಲ್ಲ. ಟಿಬಿ ಔಷಧ ಶುರುವಾದ ದಿನ, ನಿಂತ ದಿನ ಎರಡನ್ನೂ ಐಎನ್‌ಆರ್ ಪುಸ್ತಕದಲ್ಲಿ ಬರೆಯಿಸಿ. ಮೈಕೈ ನೋವಿಗೆ ಡೈಕ್ಲೊಫೆನಾಕ್ ಬೇಡ, ಸೊಂಟಕ್ಕೆ ಚುಚ್ಚುವ ಇಂಜೆಕ್ಷನ್ ಅಂತೂ ಬೇಡವೇ ಬೇಡ, ಸ್ನಾಯುವಿನೊಳಗೆ ರಕ್ತ ಗಡ್ಡೆ ಕಟ್ಟುತ್ತದೆ. ಪ್ಯಾರಸಿಟಮಾಲ್ ಸಾಕು.

ರಕ್ತ ತೆಗೆಯುವುದರಲ್ಲೂ ತಪ್ಪುತ್ತದೆ. ನೀಲಿ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಸಿಟ್ರೇಟ್ 0.3 ಮಿಲಿ ಇದ್ದರೆ ರಕ್ತ 2.7 ಮಿಲಿ, ಗೆರೆಯ ತನಕ ತುಂಬಲೇಬೇಕು. ನರ ಸಿಗದೆ ಅರ್ಧ ತುಂಬಿ ಕಳಿಸಿದರೆ ಐಎನ್‌ಆರ್ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಅದನ್ನು ನಂಬಿ ಮಾತ್ರೆ ಕಡಿಮೆ ಮಾಡಿದರೆ ವಾಲ್ವ್ ಕಟ್ಟಿಕೊಳ್ಳುತ್ತದೆ. ಗೆರೆ ಮುಟ್ಟದ ಟ್ಯೂಬ್ ಎಸೆದು ಮತ್ತೆ ತೆಗೆಯಬೇಕು. ಸರಿಯಾಗಿ ತೆಗೆದ ಸ್ಯಾಂಪಲ್ ಕೋಣೆಯ ತಾಪದಲ್ಲಿ 24 ಗಂಟೆ ತಡೆಯುತ್ತದೆ. ಅಂದರೆ ತಾಲ್ಲೂಕಿನಲ್ಲಿ ರಕ್ತ ತೆಗೆದು ಜಿಲ್ಲೆಗೆ ಕಳಿಸಬಹುದು, ರೋಗಿಯೇ ಅಲೆಯಬೇಕಿಲ್ಲ.

ಹೆಣ್ಣುಮಕ್ಕಳ ವಿಷಯ ನೇರವಾಗಿ ಬರೆಯಿರಿ. ಈ ಮಾತ್ರೆ ಗರ್ಭದ 6ರಿಂದ 12ನೇ ವಾರದಲ್ಲಿ ಮಗುವಿನ ಅಂಗಾಂಗಕ್ಕೆ ಹಾನಿ ಮಾಡಬಲ್ಲದು. ಮಗುವಿಗೆ ತೊಂದರೆ ಎಂದು ಯಾರಿಗೂ ಹೇಳದೆ ನಿಲ್ಲಿಸಿದರೆ ತಾಯಿಯ ವಾಲ್ವ್ ಕಟ್ಟುತ್ತದೆ. ಹಾಗಾಗಿ ಮುಟ್ಟು ಒಂದು ವಾರ ತಪ್ಪಿದರೂ ಪರೀಕ್ಷೆ ಮಾಡಿಸಿ, ಮಾತ್ರೆ ನಿಲ್ಲಿಸದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಆಪರೇಷನ್ ಆದದ್ದನ್ನು ಗಂಡನ ಮನೆಗೆ ಮುಚ್ಚಿಟ್ಟು ಮದುವೆ ಮಾಡಿದ ಕಡೆ ಮಾತ್ರೆಯನ್ನೂ ಮುಚ್ಚಿಟ್ಟು ನುಂಗಬೇಕಾಗುತ್ತದೆ, ದಿನ ತಪ್ಪುವುದು ಅಲ್ಲಿಂದಲೇ. ಆಶಾ ಅಕ್ಕ ಮನೆಯವರ ನಂಬಿಕೆ ಗಳಿಸಿ ಆ ಮಾತು ಆಡಿಸಬೇಕು.

ರಾತ್ರಿ ನಿಶ್ಶಬ್ದದಲ್ಲಿ ಲೋಹದ ವಾಲ್ವ್‌ನ ಟಿಕ್ ಟಿಕ್ ಪಕ್ಕದಲ್ಲಿ ಮಲಗಿದವರಿಗೂ ಕೇಳಿಸುತ್ತದೆ. ಆ ಸದ್ದು ಮಂಕಾದರೆ ಅಥವಾ ನಿಂತರೆ, ಜೊತೆಗೆ ಏದುಸಿರು ಬಂದರೆ, ಬೆಳಗಾಗಲಿ ಎಂದು ಕಾಯಬಾರದು. 108ಕ್ಕೆ ಕರೆ ಮಾಡಿ.

ಕಾರ್ಡ್_ಕೌಂಟರ್:

ಯೋಜನೆಯ ಲೆಕ್ಕ ಹೇಳುತ್ತೇನೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ. ತುರ್ತು ಚಿಕಿತ್ಸೆಗೆ ಶಿಫಾರಸು ಪತ್ರ ಬೇಡ, ಹಾರ್ಟ್ ಅಟ್ಯಾಕ್ ಅದರಲ್ಲಿ ಬರುತ್ತದೆ. ಪತ್ರಕ್ಕಾಗಿ ಅಲೆದು ಹೊತ್ತು ಕಳೆಯಬೇಡಿ. ಆಯುಷ್ಮಾನ್ ಪ್ಯಾಕೇಜಿನಲ್ಲಿ ಡಿಸ್ಚಾರ್ಜ್ ನಂತರ 15 ದಿನದ ಔಷಧ ಸೇರಿದೆ. ಮಾತ್ರೆ ಕೈಗೆ ಕೊಡದೆ ಚೀಟಿ ಕೊಟ್ಟರೆ ಆಸ್ಪತ್ರೆಯಲ್ಲಿ ಯೋಜನೆಯ ಸಹಾಯಕ್ಕೆಂದೇ ಇರುವ ಆರೋಗ್ಯಮಿತ್ರರ ಬಳಿ ಹೋಗಿ ಕೇಳಿ. 16ನೇ ದಿನದ ಮಾತ್ರೆ ಎಲ್ಲಿಂದ ಎಂಬುದು ಡಿಸ್ಚಾರ್ಜ್ ದಿನವೇ ತೀರ್ಮಾನವಾಗಬೇಕು: ಜಿಲ್ಲಾ ಆಸ್ಪತ್ರೆಯ ಎನ್‌ಸಿಡಿ (ಬಿಪಿ, ಸಕ್ಕರೆಯಂಥ ಅಂಟದ ಕಾಯಿಲೆಗಳ) ಕ್ಲಿನಿಕ್ಕೋ, ಪಿಎಚ್‌ಸಿಯೋ, ಜನೌಷಧಿಯೋ.

ಮರುತಪಾಸಣೆ ತಪ್ಪುವುದು ಪರೀಕ್ಷೆಯ ಶುಲ್ಕದಿಂದಲ್ಲ. 2025-26ರಲ್ಲಿ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ರೋಗಿ, ಜೊತೆಗೆ ಒಬ್ಬರು, ಇಬ್ಬರ ಕೂಲಿ ಹೋಯಿತು, ಮೇಲೆ ಬಸ್ಸು, ಊಟ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸು ಉಚಿತ. ಜೊತೆಗೆ ಹೋಗುವವರು ಹೆಣ್ಣಾದರೆ ಅಷ್ಟು ಉಳಿಯಿತು. ಸ್ಟೆಂಟ್ ಬೆಲೆಯನ್ನು 2017ರ ಫೆಬ್ರವರಿಯಲ್ಲಿ ಕೇಂದ್ರ ಕಟ್ಟಿಹಾಕಿತು, ಔಷಧ ಲೇಪಿತ ಸ್ಟೆಂಟ್ ಆಗ 29,600ಕ್ಕೆ ಇಳಿಯಿತು. ಸ್ಟೆಂಟಿನ ಬೆಲೆ ಎಲ್ಲರಿಗೂ ಕಂಡಿತು. ಒಂದು ದಿನದ ಕೂಲಿ ಯಾವ ಪ್ಯಾಕೇಜಿನಲ್ಲೂ ಇಲ್ಲ.

ಬೈಪಾಸ್, ವಾಲ್ವ್ ಆದವರ ಎದೆಮೂಳೆ ಕೂಡಲು 6ರಿಂದ 8 ವಾರ ಬೇಕು, ಗಟ್ಟಿಯಾಗಲು ಮೂರು ತಿಂಗಳು. ಸಾಲಕ್ಕೆ ಹೆದರಿ ಮೂರನೇ ವಾರಕ್ಕೇ ಚೀಲ ಹೊತ್ತರೆ ಎದೆಮೂಳೆ ಕೂಡಿಸಿ ಕಟ್ಟಿದ ತಂತಿಯೇ ಮೂಳೆಯನ್ನು ಕೊಯ್ಯುತ್ತದೆ. ಕೆಮ್ಮಿದಾಗ ಎದೆಯಲ್ಲಿ "ಕಟ್" ಎಂದರೆ, ಗಾಯದಿಂದ ನೀರು ಒಸರಿದರೆ ಹೋಗಲೇಬೇಕು. ತುಂಬಿದ ಕೊಡ ಸೊಂಟಕ್ಕೇರಿಸುವುದೂ ಭಾರವೇ. ಹೆಂಗಸರಿಗೆ ಇದನ್ನು ಬಿಡಿಸಿ ಹೇಳದಿದ್ದರೆ "ಕೆಲ್ಸ ಏನೂ ಮಾಡಿಲ್ಲ, ಮನೇಲೇ ಇದ್ದೆ" ಅನ್ನುತ್ತಾರೆ.

ಗುಳೆದಾರಿ:

ಎಲ್ಲರಿಗೂ ತುಂಬು ಧನ್ಯವಾದ. ಇನ್ನೆರಡು ಸಂಶಯ. ಸುಗ್ಗಿ ಮುಗಿದ ಮೇಲೆ ಬೆಂಗಳೂರಿಗೋ ಬೇರೆ ಕಡೆಗೋ ಗುಳೆ ಹೋಗುವವರಿಗೆ ಏನು ಕೊಟ್ಟು ಕಳಿಸಬೇಕು? ಮತ್ತೆ, ಐಎನ್‌ಆರ್ ಪರೀಕ್ಷೆಯೇ ಹತ್ತಿರದಲ್ಲಿ ಇಲ್ಲದ ಊರಿನವರಿಗೆ ಲೋಹದ ವಾಲ್ವ್ ಹಾಕುವುದು ಸರಿಯೇ?

ವಾರ್ಡ್_ರೌಂಡ್ಸ್:

ಎರಡನೆಯದು ಆಪರೇಷನ್‌ಗೆ ಮುಂಚೆ ಕೇಳಲೇಬೇಕಾದ ಪ್ರಶ್ನೆ. ಜೈವಿಕ (ಪ್ರಾಣಿಯ ಅಂಗಾಂಶದಿಂದ ಮಾಡಿದ) ವಾಲ್ವ್‌ಗೆ ಜೀವನಪೂರ್ತಿ ಅಸಿಟ್ರಾಮ್ ಬೇಕಿಲ್ಲ, ಆದರೆ ಚಿಕ್ಕ ವಯಸ್ಸಿನವರಲ್ಲಿ ಅದು ಬೇಗ ಸವೆದು ಇನ್ನೊಂದು ಆಪರೇಷನ್ ಬೇಕಾಗುತ್ತದೆ. ಲೋಹದ್ದು ಬಾಳುತ್ತದೆ, ಐಎನ್‌ಆರ್ ಬಿಡುವಂತಿಲ್ಲ. ಮೈಟ್ರಲ್ ಕಿರಿದಾಗಿದ್ದು ಬಲೂನಿನಿಂದ ಹಿಗ್ಗಿಸಲು ಆಗುವಂತಿದ್ದರೆ ಮೊದಲು ಅದೇ ಒಳ್ಳೆಯದು. ಪರೀಕ್ಷೆ ಎಷ್ಟು ದೂರ, ಮಗು ಬೇಕೇ, ಮನೆಯಲ್ಲಿ ಓದು ಬಲ್ಲವರು ಇದ್ದಾರೆಯೇ, ಇವನ್ನೆಲ್ಲ ಸರ್ಜನ್ ಕೇಳದಿದ್ದರೆ ಮನೆಯವರೇ ಎತ್ತಬೇಕು. ಪರೀಕ್ಷೆ ಬೇಡದ ಹೊಸ ಮಾತ್ರೆಗಳಿವೆಯಲ್ಲ ಎಂದು ಯಾರಾದರೂ ಬದಲಿಸಲು ಹೊರಟರೆ ಒಪ್ಪಬೇಡಿ. ಲೋಹದ ವಾಲ್ವ್‌ಗೆ ಅವು ನಿಷಿದ್ಧ. ಅವುಗಳಲ್ಲಿ ಒಂದಾದ ಡಾಬಿಗಟ್ರಾನ್ ಕೊಟ್ಟು ನೋಡಿದ ಪ್ರಯೋಗವನ್ನು ಹೆಪ್ಪು, ರಕ್ತಸ್ರಾವ ಎರಡೂ ಹೆಚ್ಚಾದ್ದರಿಂದ ನಡುವೆಯೇ ನಿಲ್ಲಿಸಬೇಕಾಯಿತು.

ನೀಲಿ_ಮುಚ್ಚಳ:

ಗುಳೆ ಹೋಗುವವರಿಗೆ: ಡಿಸ್ಚಾರ್ಜ್ ಸಮ್ಮರಿಯ ಪ್ರತಿ ಪುಟದ ಫೋಟೋ ಇಬ್ಬರ ಮೊಬೈಲಿನಲ್ಲಿ. ಮೂಲ ಪ್ರತಿ ಪ್ಲಾಸ್ಟಿಕ್ ಕವರಿನಲ್ಲಿ ಬಟ್ಟೆಗಂಟಿನೊಳಗೆ. 30 ದಿನದ ಮಾತ್ರೆ ಕತ್ತರಿಸದ ಸ್ಟ್ರಿಪ್‌ನಲ್ಲಿ. ಅಂಗಿಯ ಜೇಬಿನಲ್ಲಿ ಕನ್ನಡ, ಇಂಗ್ಲಿಷ್ ಎರಡರಲ್ಲೂ ಒಂದು ಚೀಟಿ: ಯಾವ ವಾಲ್ವ್ ಅಥವಾ ಸ್ಟೆಂಟ್, ಯಾವ ದಿನ ಹಾಕಿದ್ದು, ಯಾವ ಮಾತ್ರೆ ಎಷ್ಟು ಮಿಗ್ರಾಂ, ಕೊನೆಯ ಐಎನ್‌ಆರ್. ಬೆಂಗಳೂರು, ಮೈಸೂರು, ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಆಸ್ಪತ್ರೆ ಇದೆ, ಹೋದ ಊರಿಗೆ ಹತ್ತಿರದ್ದು ಯಾವುದು ಎಂದು ಅದೇ ಚೀಟಿಯ ಹಿಂದೆ ಬರೆಯಿರಿ. ರುಮ್ಯಾಟಿಕ್‌ನವರಾದರೆ ಮೂರು ವಾರಕ್ಕೊಮ್ಮೆಯ ಪೆನಿಸಿಲಿನ್ ಇಂಜೆಕ್ಷನ್ ತಾರೀಖೂ ಇರಲಿ. ಅಸಿಟ್ರಾಮ್ ತಗೊಳ್ಳುವವರಿಗೆ ಅದನ್ನು ಸಣ್ಣ ಸೂಜಿಯಲ್ಲಿ ಚುಚ್ಚಿ ಹತ್ತು ನಿಮಿಷ ಒತ್ತಿ ಹಿಡಿಯಬೇಕೋ, ಬಾಯಿ ಮಾತ್ರೆಗೆ ಬದಲಿಸಬೇಕೋ ಎಂದು ಹೊರಡುವ ಮುಂಚೆ ಡಾಕ್ಟರನ್ನು ಕೇಳಿ, ಆ ಉತ್ತರವನ್ನೂ ಚೀಟಿಯಲ್ಲಿ ಬರೆಸಿಕೊಂಡು ಹೋಗಲಿ.